ಹೆಲ್ಮಿಯ ಕಾಲಿಗೆ ಬಾರದ ಬಿಸಿಗಾಳಿ

ಹೆಲ್ಮಿ ರಾಂತಾಲಾಳಿಗೆ ಆ ಚಳಿಗಾಲಕ್ಕೆ ಐವತ್ತೊಂಬತ್ತು ತುಂಬಿತ್ತು. ಲೆಹ್ತೋ ಕಾರ್ನರ್ ಅಂಚೆ ಕಚೇರಿಯಿಂದ ಹಳ್ಳಿ ಟಪಾಲು ಹಂಚಲು ಶುರು ಮಾಡಿ ಇಪ್ಪತ್ತೆರಡು ವರ್ಷ. ದಿನಕ್ಕೆ ಎಪ್ಪತ್ತೆರಡು ಮೈಲಿ, ರಸ್ತೆಬದಿಯಲ್ಲಿ ಮನೆಮನೆಯ ಮುನ್ನೂರ ಎಂಟು ಟಪಾಲು ಡಬ್ಬಿ, ಭಾನುವಾರ ಒಂದು ಬಿಟ್ಟು. ಹೇಳೋಕೇನು, ಹೇಳಿಬಿಡಬಹುದು. ಮುನ್ನೂರ ಎಂಟು ಸಲ ಕಿಟಕಿಯಾಚೆ ಕೈ ಚಾಚಿ, ಮುನ್ನೂರ ಎಂಟು ಸಲ ಡಬ್ಬಿಯ ಹೆಪ್ಪುಗಟ್ಟಿದ ಬಾಗಿಲು ಗುದ್ದಿ ತೆಗೆದು, ಸುಪೀರಿಯರ್ ಸರೋವರದ ಮೇಲಿಂದ ನೇರ ಬರುವ ಗಾಳಿಗೆ ಮುಖ ಕೊಟ್ಟವರಿಗೆ ಗೊತ್ತು ಅದರ ಸುಖ.

ಹಳ್ಳಿ ಟಪಾಲಿನವರಿಗೆ ಸರ್ಕಾರ ಗಾಡಿ ಕೊಡುವುದಿಲ್ಲ, ಗಾಡಿ ಅವರದ್ದೇ ಆಗಬೇಕು. ಊರಿನ ಗಾಡಿಗಳಿಗೆಲ್ಲ ಸ್ಟೀರಿಂಗ್ ಎಡಕ್ಕಿದ್ದರೆ ಹೆಲ್ಮಿಯ ಗಾಡಿಗೆ ಮಾತ್ರ ಬಲಕ್ಕೆ, ರಸ್ತೆಯ ಬಲಪಕ್ಕದ ಡಬ್ಬಿಗಳಿಗೆ ಕೈ ಎಟುಕಲಿ ಅಂತ. ಎಡಗಡೆಯ ಸೀಟು ಕಿತ್ತುಹಾಕಿ ಆ ಜಾಗದಲ್ಲಿ ಅವಳ ಗಂಡ ತೌನೋ ಪ್ಲೈವುಡ್‌ನ ಒಂದು ಕಟ್ಟೆ ಮಾಡಿಕೊಟ್ಟಿದ್ದ. ಅದರ ಮೇಲೆ ಟಪಾಲಿನ ತಟ್ಟೆಗಳು, ಅಂದರೆ ಟ್ರೇಗಳು, ಸಾಲಾಗಿ ಕೂರುತ್ತಿದ್ದವು, ಅವಳ ಎಡಮೊಣಕೈ ಪಕ್ಕದಲ್ಲೇ.

ತೌನೋ ಮರದ ಮಿಲ್ಲಿನಲ್ಲಿ ಯಂತ್ರ ರಿಪೇರಿ ಮಾಡುತ್ತಿದ್ದವನು. ಮಾತು ಕಡಿಮೆ. ಕಡಿಮೆ ಅಂದರೆ ಎಷ್ಟು? ಮದುವೆಯಾದ ಮೊದಲ ವರ್ಷ ಹೆಲ್ಮಿ ತನ್ನ ಮೇಲೆ ಕೋಪವೋ ಏನೋ ಅಂತ ತಿಂಗಳುಗಟ್ಟಲೆ ಒಳಗೊಳಗೇ ಕೊರಗಿದ್ದಳು. ಕೋಪವೂ ಇಲ್ಲ, ಏನೂ ಇಲ್ಲ. ಫಿನ್‌ಲ್ಯಾಂಡ್ ಮೂಲದ ನಮ್ಮ ಫಿನ್ ಗಂಡಸರ ಜಾಯಮಾನವೇ ಹಾಗೆ. ಮನೆಗೆ ಹೊಸ ಮಾಡು ಹಾಕಿದರೂ ಹೇಳಿಕೊಳ್ಳುವುದಿಲ್ಲ, ಮಳೆ ಸೋರದೇ ಇದ್ದಾಗ ನೀವೇ ತಲೆ ಎತ್ತಿ ನೋಡಿ ತಿಳಿದುಕೊಳ್ಳಬೇಕು. ಮಾತಿನ ಬದಲು ತೌನೋ ಚೀಟಿ ಅಂಟಿಸುತ್ತಿದ್ದ. ಮುಟ್ಟಿದ್ದಕ್ಕೆಲ್ಲ ಒಂದು ತುಂಡು ಬಿಳಿ ಟೇಪು, ಅದರ ಮೇಲೆ ಎರಡು ಪದ, ತಿಂಗಳು, ವರ್ಷ. ನೆಲಮಾಳಿಗೆಯ ಪೈಪಿನ ಮೇಲೆ ‘ಬಚ್ಚಲು ನೀರು. ಮೇ 88’. ಅಷ್ಟೇ. ಅದೇ ಅವನ ದಿನಚರಿ ಪುಸ್ತಕ ಅನ್ನಿ.

ಆಗಸ್ಟ್‌ನಲ್ಲಿ ಅವನಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಬಿದ್ದುಹೋದವು, ಇದ್ದ ನಾಲ್ಕು ಮಾತೂ ಹೋದವು. ಉಳಿದದ್ದು ಎಡಗೈ ಮತ್ತು ‘ಹೂಂ’ ಅನ್ನುವ ಒಂದು ಸದ್ದು. ಹಸಿವಾದರೂ ಹೂಂ, ಹೊಟ್ಟೆ ತುಂಬಿದರೂ ಹೂಂ.

ಅಲ್ಲಿಂದ ಹೆಲ್ಮಿಯ ದಿನ ಬೆಳಗಿನ ನಾಲ್ಕೂವರೆಗೆ ಶುರು. ಅವನನ್ನು ಮಗ್ಗುಲು ತಿರುಗಿಸು, ಒದ್ದೆ ಬಟ್ಟೆ ತೆಗಿ, ಮೈ ಒರೆಸು, ಕುರ್ಚಿಗೆ ಎತ್ತಿ ಕೂರಿಸು, ಓಟ್ಸ್ ಗಂಜಿ ತಿನ್ನಿಸು. ಏಳಕ್ಕೆ ತೌನೋನ ಅಕ್ಕ ಐಲಿ ಬಂದಳು ಅಂದರೆ ಇವಳು ಹೊರಟಳು. ಸಂಜೆ ನಾಲ್ಕಕ್ಕೆ ವಾಪಸು, ಮತ್ತೆ ಅದೇ. ತೌನೋ ಒಂದು ಕಾಲದಲ್ಲಿ ಮರದ ದಿಮ್ಮಿ ಹೊತ್ತ ಆಳು, ಈಗಲೂ ಇನ್ನೂರು ಪೌಂಡಿಗೆ ಕಮ್ಮಿಯಿಲ್ಲ. ಅಕ್ಟೋಬರ್ ಹೊತ್ತಿಗೆ ಹೆಲ್ಮಿಯ ಸೊಂಟ ಹಿಡಿದುಕೊಂಡಿತು. ನವೆಂಬರ್‌ನಲ್ಲಿ ಅವಳು ಕನ್ನಡಿ ನೋಡುವುದು ಬಿಟ್ಟಳು.

ಡಿಸೆಂಬರ್‌ನಲ್ಲಿ ಗಾಡಿ ಕೈಕೊಟ್ಟಿತು.

ಮೊದಮೊದಲು ಏರಿನಲ್ಲಿ ಮಾತ್ರ. ಗುಡ್ಡ ಹತ್ತುವಾಗ ಕಾಲಿನ ಮೇಲೆ ಬರುತ್ತಿದ್ದ ಬಿಸಿಗಾಳಿ ಫಕ್ಕನೆ ನಿಂತು ಮುಂದಿನ ಗಾಜಿನ ಕಡೆ ಹೋಗುತ್ತಿತ್ತು. ಗುಡ್ಡ ಇಳಿದ ಮೇಲೆ ತಾನೇ ಕಾಲಿಗೆ ಮರಳುತ್ತಿತ್ತು. ಜನವರಿ ಹುಟ್ಟಿದ ಮೇಲೆ ಮರಳುವುದೂ ನಿಂತುಹೋಯಿತು. ಗುಂಡಿ ಯಾವ ಕಡೆ ತಿರುಗಿಸಿದರೂ ಗಾಳಿಯೆಲ್ಲ ಗಾಜಿಗೇ. ಹಣೆ ಬೇಯುತ್ತಿದೆ, ಪಾದ ಹೆಪ್ಪುಗಟ್ಟುತ್ತಿದೆ. ಹೊರಗೆ ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗೆ. ಕಾಲುಚೀಲದ ಮೇಲೆ ಕಾಲುಚೀಲ, ಅದರ ಮೇಲೆ ಪ್ಲಾಸ್ಟಿಕ್ ಚೀಲ, ನಡುವೆ ಹಳೇ ಪೇಪರು ತುರುಕಿ ಬೂಟು ಹಾಕಿದರೂ ಹತ್ತನೇ ಡಬ್ಬಿಯ ಹೊತ್ತಿಗೆ ಬೆರಳು ಇದೆಯೋ ಇಲ್ಲವೋ ಅಂತ ತಿಳಿಯುತ್ತಿರಲಿಲ್ಲ.

ಊರಿನ ಮೆಕ್ಯಾನಿಕ್ ಗಿನೋ ಇಟಲಿಯವರ ಮಗ. ಬಾಯಲ್ಲಿ ಸದಾ ಒಂದು ಚುಟ್ಟಾ, ಒಂದು ಕುಹಕ.

"ನೋಡು ಹೆಲ್ಮಿ, ಇಂಜಿನ್ನು ಗಾಳಿ ಹೀರತ್ತೆ. ಆ ಹೀರಾಟಾನ ಒಂದು ಸಣ್ಣ ಟ್ಯೂಬು ಡ್ಯಾಶ್‌ಬೋರ್ಡ್ ಹಿಂದಕ್ಕೆ ತಗೊಂಡು ಹೋಗತ್ತೆ. ಅಲ್ಲಿ ಪುಟ್ಟ ಪುಟ್ಟ ಬಾಗಿಲಿವೆ. ಹೀರಿದರೆ ಕಾಲಿನ ಬಾಗಿಲು ತೆಗೆಯತ್ತೆ. ಎಲ್ಲೋ ತೂತು ಬಿದ್ದು ಹೀರಾಟ ಸೋರಿಹೋಯ್ತು ಅನ್ಕೋ, ಬಾಗಿಲು ಬಿದ್ದು ಗಾಳಿ ಪೂರ್ತಿ ಗಾಜಿಗೇ ಹೋಗತ್ತೆ. ಹಾಗಂತಲೇ ಮಾಡಿರೋದು. ಕಾಲು ಸೆಟೆದುಹೋದರೂ ಪರವಾಗಿಲ್ಲ, ರಸ್ತೆ ಕಾಣಬೇಕಲ್ಲ!"

"ತೂತು ಎಲ್ಲಿ ಅಂತ ಹೇಳಯ್ಯಾ, ಪುರಾಣ ಬೇಡ."

"ಅದೇ ತಮಾಷೆ. ಇಂಜಿನ್ ಕಷ್ಟಪಡೋ ಏರಿನಲ್ಲಿ ಹೀರೋ ಶಕ್ತಿ ಕಮ್ಮಿಯಾಗತ್ತೆ. ಆಗ ಬೇಕು ಅಂತ ಒಂದಿಷ್ಟು ಕೂಡಿಡೋಕೆ ಬಂಪರ್ ಹಿಂದೆ ಒಂದು ಟೊಳ್ಳು ಉಂಡೆ ಇರತ್ತೆ. ನಿನ್ನ ಗಾಡೀಲಿ ಉಂಡೆನೇ ಇಲ್ಲ! ಯಾರೋ ಕಿತ್ತು, ಟ್ಯೂಬಿನ ಬಾಯಿಗೆ ಗಾಲ್ಫ್ ಆಡೋರ ಮರದ ಮೊಳೆ ಜಡಿದಿದಾರೆ. ಇದು ನಿನ್ನ ಗಂಡನ ಕೈಚಳಕ ಅಲ್ಲದೇ ಇದ್ರೆ ನನ್ನ ಹೆಸರು ಬದಲಾಯಿಸ್ಕೋತೀನಿ. ಇಷ್ಟು ದಿನ ಉಂಡೆಯಿಲ್ಲದೆ ಹೆಂಗೆ ನಡೀತೋ, ಕೇಳು ಅವನನ್ನ."

ಕೇಳು ಅಂದುಬಿಟ್ಟು ಗಿನೋ ನಾಲಿಗೆ ಕಚ್ಚಿಕೊಂಡ.

ಅವನು ಹೊಸ ಉಂಡೆ ಹಾಕಿದ. ಏನೂ ಆಗಲಿಲ್ಲ. ಇಂಜಿನ್ ಕಡೆಯ ಟ್ಯೂಬು ಬದಲಾಯಿಸಿದ. ಏನೂ ಆಗಲಿಲ್ಲ. ಕೊನೆಗೆ ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು, ಮೂರು ದಿನ ಗಾಡಿ ಬಿಟ್ಟುಹೋಗು ಅಂದ. ಮೂರು ದಿನ! ಟಪಾಲಿಗೆ ಮೂರು ನಿಮಿಷ ರಜೆಯಿಲ್ಲ.

ದಿನಾ ಸಂಜೆ ಹೆಲ್ಮಿ ಅಡುಗೆಮನೆಯ ಒಲೆಯ ಪಕ್ಕ ಕೂತು ಬೂಟು ಕಳಚಿ, ಬಿಳಿಚಿದ ಪಾದಗಳನ್ನು ಉಜ್ಜಿಕೊಳ್ಳುತ್ತ ಗೊಣಗುತ್ತಿದ್ದಳು. "ಇವತ್ತೂ ಕಾಲಿಗೆ ಒಂದು ಚೂರು ಬಿಸಿ ಬರಲಿಲ್ಲ ತೌನೋ. ಗಿನೋ ತಲೆ ಕೆರೀತಾ ಕೂತಿದಾನೆ." ಮೂವತ್ತಾರು ವರ್ಷದ ಅಭ್ಯಾಸ, ಗೊಣಗುವುದು. ಅವನು ಕೇಳುತ್ತಾನೆ ಅಂತ ಅಲ್ಲ. ಅವನಿಗೆ ತಿಳಿಯುತ್ತದೆ ಅನ್ನುವ ನಂಬಿಕೆ ಅವಳಿಗೆ ಯಾವತ್ತೋ ಹೋಗಿತ್ತು.

ಯಾಕೆಂದರೆ ಅದೇ ದಿನಗಳಲ್ಲಿ ಅವನು ಹುಚ್ಚುಹುಚ್ಚಾಗಿ ಆಡಲು ಶುರು ಮಾಡಿದ್ದ. ಮೇಜಿನ ಮೇಲಿನ ಕಾಫಿಪುಡಿಯ ಕೆಂಪು ಡಬ್ಬಿ ಕೈಗೆ ಸಿಕ್ಕಿತೋ, ಎಡಗೈಲಿ ಎಳೆದುಕೊಂಡು ಪುಡಿಯೆಲ್ಲ ನೆಲಕ್ಕೆ ಸುರಿಯುತ್ತಿದ್ದ. ಖಾಲಿ ಡಬ್ಬಿಯೊಳಗೆ ಮರದ ಸೌಟು ಇಡುತ್ತಿದ್ದ. ಡಬ್ಬಿಯ ಅಂಚಿಗೆ ಬಾಯಿ ಹಚ್ಚಿ ಸೊರ್ ಅಂತ ಹೀರುತ್ತಿದ್ದ, ಎಳೆಗೂಸಿನ ಹಾಗೆ. ಆಮೇಲೆ ತನ್ನ ತೊಡೆ, ಮೊಣಕಾಲು ಪಟಪಟ ಬಡಿದುಕೊಂಡು "ಹೂಂ! ಹೂಂ!" ಅಂತ ಕೂಗುತ್ತಿದ್ದ.

ಮೊದಲ ಸಲ ಹೆಲ್ಮಿ ಕಾಫಿ ಬೇಕೇನೋ ಅಂದುಕೊಂಡಳು. ಫಿನ್ ಮನೆಯಲ್ಲಿ ಮನುಷ್ಯ ಕೈ ಎತ್ತಿದರೆ ಕಾಫಿಗೇ ಅಂತ ಲೆಕ್ಕ, ಸತ್ತವನೂ ಕಾಫಿ ಕುಡಿದೇ ಮಣ್ಣಿಗೆ ಹೋಗುವ ಜನ ನಾವು. ಬಿಸಿಬಿಸಿ ಕಾಫಿ ಮಾಡಿ, ಏಲಕ್ಕಿ ಬ್ರೆಡ್ಡಿನ ಒಂದು ಹೋಳು ಅದ್ದಿ ಬಾಯಿಗಿಟ್ಟಳು. ಉಗುಳಿದ. ಲೋಟ ತಳ್ಳಿದ. ಅವಳ ತೋಳಿನ ಮೇಲೆ ಕಾಫಿ ಚೆಲ್ಲಿ ಬೊಬ್ಬೆ ಬಂತು. ಮರುದಿನ ಮತ್ತೆ ಪುಡಿ ನೆಲಕ್ಕೆ. ಮೂರು ವಾರ ಹೀಗೇ. ಎಪ್ಪತ್ತೆರಡು ಮೈಲಿ ಸುತ್ತಿ ಬಂದು, ಹಿಡಿದ ಸೊಂಟ ಬಗ್ಗಿಸಿ ನೆಲದಿಂದ ಕಾಫಿಪುಡಿ ಗುಡಿಸುವುದು. ಒಂದು ಸಂಜೆ ಅವನು ಮತ್ತೆ ಡಬ್ಬಿಗೆ ಕೈ ಹಾಕಿದಾಗ ಅವಳಿಗೆ ತಡೆಯಲಿಲ್ಲ.

"ಸಾಕು ಮಾಡೋ! ಪುಣ್ಯ ಕಟ್ಕೋ! ನನ್ನ ಜೀವ ತೆಗೀಬೇಡ!" ಅಂತ ಕಿರುಚಿ ಡಬ್ಬಿ ಕಿತ್ತುಕೊಂಡು ಮೇಲಿನ ಕಪಾಟಿಗೆ ಎಸೆದಳು. ತೌನೋ ಕಣ್ಣು ಮುಚ್ಚಿಕೊಂಡ. ಕಣ್ಣಿಂದ ನೀರು ಇಳಿಯಿತು. ಅವಳು ಒರೆಸಲಿಲ್ಲ.

ಐಲಿಯೂ ಸೋತಿದ್ದಳು, ಅವಳಿಗೂ ಎಪ್ಪತ್ತೊಂದು. "ನೋಡೇ ಮಾರಾಯ್ತಿ, ಅವನು ನನ್ನ ತಮ್ಮ. ಆದ್ರೂ ನಾನೇ ಹೇಳ್ತೀನಿ. ಅವನು ಈಗ ಇಲ್ಲಿಲ್ಲ. ಇವತ್ತು ಸೌಟು ಕಿತ್ಕೊಂಡಿದ್ದಕ್ಕೆ ನನಗೇ ಹೊಡೆದ. ಆರೈಕೆ ಮನೆಗೆ ಸೇರಿಸಿಬಿಡು. ನೀನು ಬಿದ್ದರೆ ನಿನ್ನ ಯಾರೇ ಎತ್ತೋರು?"

ಮಂಗಳವಾರ ಕೌಂಟಿಯಿಂದ, ಅಂದರೆ ಜಿಲ್ಲಾ ಆಫೀಸಿನಿಂದ, ನರ್ಸಮ್ಮ ಬಂದಳು. ಒಳ್ಳೆಯ ಹೆಂಗಸು, ಮೆತ್ತಗಿನ ಮಾತು. ಏನೇನು ಮಾಡ್ತಾರೆ ಅಂತ ಒಂದೊಂದೇ ಕೇಳಿ ಬರೆದುಕೊಂಡಳು. ತಿನ್ನುವ ಪದಾರ್ಥ ಚೆಲ್ಲುತ್ತಾನೆ, ಖಾಲಿ ಡಬ್ಬಿ ಚೀಪುತ್ತಾನೆ, ತನ್ನ ಕಾಲಿಗೆ ತಾನೇ ಹೊಡೆದುಕೊಳ್ಳುತ್ತಾನೆ, ಹೇಳಿದ್ದು ತಿಳಿಯುವುದಿಲ್ಲ. ಎಲ್ಲ ಅವನ ಎದುರಿಗೇ, ಅವನು ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ.

"ನಿಮ್ಮ ಅದೃಷ್ಟ, ಒಂದು ಹಾಸಿಗೆ ಖಾಲಿಯಾಗಿದೆ," ಅಂದಳು. "ಶುಕ್ರವಾರ ಸಂಜೆ ಐದರವರೆಗೆ ಹಿಡಿದಿಡ್ತೀನಿ. ಸಹಿ ಹಾಕಿ ಒಂದು ಫೋನು ಮಾಡಿ, ಸಾಕು."

ಕಾಗದ ಮೇಜಿನ ಮೇಲೆ ಉಳಿಯಿತು. ಹೆಲ್ಮಿಗೆ ಸಹಿ ಹಾಕಬೇಕು ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ. ರಾತ್ರಿಯಿಡೀ ನಿದ್ದೆ, ಭಾರ ಎತ್ತಬೇಕಿಲ್ಲದ ಸೊಂಟ, ಒಬ್ಬಳೇ ಕೂತು ಕುಡಿಯುವ ಒಂದು ಲೋಟ ಕಾಫಿ ಅವಳ ಕಣ್ಣಿಗೆ ಕಟ್ಟಿತ್ತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆ. ನಾಚಿಕೆಯಾಯಿತು ಅಂತ ಆಸೆ ಬಿಡುತ್ತದೆಯೇ? ಶುಕ್ರವಾರ ಹಾಕ್ತೀನಿ ಅಂದುಕೊಂಡಳು.

ಬುಧವಾರ ಗಾಡಿ ಜಾರಿತು. ಬ್ರೇಕಿನ ಮೇಲೆ ಕಾಲಿದೆ ಅಂತ ಅವಳ ಲೆಕ್ಕ. ಕಾಲು ಬ್ರೇಕಿನ ಪಕ್ಕದಲ್ಲಿತ್ತು, ಪಾದಕ್ಕೆ ಗೊತ್ತೇ ಆಗಿರಲಿಲ್ಲ. ಗಾಡಿ ಹಿಮದ ರಾಶಿಗೆ ಮೂತಿ ತೂರಿಸಿ ನಿಂತಿತು. ಗುದ್ದಲಿಯಿಂದ ಹಿಮ ತೋಡಿ ತೆಗೆಯುವಾಗ ಅವಳಿಗೆ ಅಳುವುದಕ್ಕೂ ತ್ರಾಣವಿರಲಿಲ್ಲ.

ಗುರುವಾರ ಸಂಜೆ ಟಪಾಲು ಹಂಚಿ ಮುಗಿಸಿ, ಕಚೇರಿಗೆ ಮರಳುವ ಮುಂಚೆ ಗಿನೋನ ಗ್ಯಾರೇಜಿಗೆ ಗಾಡಿ ತಿರುಗಿಸಿದಳು. "ಏನಾದ್ರೂ ಮಾಡು ಗಿನೋ. ನನ್ನ ಕಾಲು ಹೋಗತ್ತೆ."

"ಕಡೇ ಅಸ್ತ್ರ," ಅಂದ ಗಿನೋ. ಇಂಜಿನ್ ಕಡೆ ಟ್ಯೂಬು ಬಿಚ್ಚಿ, ಚುಟ್ಟಾ ಎಳೆದು, ಬಾಯಿ ತುಂಬ ಹೊಗೆ ತುಂಬಿಕೊಂಡು ಟ್ಯೂಬಿಗೆ ಊದಿದ. ಎಲ್ಲಿ ತೂತಿದೆಯೋ ಅಲ್ಲಿ ಹೊಗೆ ಬರಬೇಕು. ಊದಿದ, ಊದಿದ, ಕೆಮ್ಮಿದ, ಮತ್ತೆ ಊದಿದ. ಹೊಗೆ ಎಲ್ಲೂ ಕಾಣಲಿಲ್ಲ.

"ನಿನ್ನ ಗಾಡಿ ನನ್ನ ಅರ್ಧ ಚುಟ್ಟಾ ಕುಡೀತು ಕಣೇ! ವಾಸನೆ ಒಳಗೇ ಎಲ್ಲೋ ಇದೆ. ಈ ಹಲಗೆ ಎತ್ತಿ ನೋಡ್ತೀನಿ ತಡಿ." ಅಂದವನೇ ಪ್ಲೈವುಡ್ ಕಟ್ಟೆಗೆ ಕೈ ಹಾಕಿದ.

"ಕೈ ತೆಗಿ!" ಹೆಲ್ಮಿ ಗದರಿದಳು. ದಾರಿಯಲ್ಲಿ ಜನ ಕೊಟ್ಟ ಕಾಗದಗಳು ಆ ತಟ್ಟೆಗಳಲ್ಲಿದ್ದವು. "ಅದು ಟಪಾಲಿನ ಜಾಗ. ಬೇರೆಯವರು ಮುಟ್ಟೋ ಹಾಗಿಲ್ಲ."

"ಸರಿಯಮ್ಮಾ, ಸರ್ಕಾರದ ಸಿಂಹಾಸನ, ನಮಗ್ಯಾಕೆ," ಅಂತ ಗಿನೋ ಕೈ ಕೊಡವಿಕೊಂಡ. ಇಪ್ಪತ್ತೆರಡು ವರ್ಷದಲ್ಲಿ ಆ ಕಟ್ಟೆಯ ಮೇಲೆ ಅವಳು ಬೇರೆಯವರನ್ನು ಒಂದು ಲೋಟ ಇಡಲೂ ಬಿಟ್ಟವಳಲ್ಲ.

ಶುಕ್ರವಾರ ಬೆಳಿಗ್ಗೆ ಮನೆ ಬಿಡುವಾಗ ಐಲಿ ಕಾಗದದ ಮೇಲೆ ಪೆನ್ನು ಇಟ್ಟಿದ್ದಳು. ತೌನೋ ಕಿಟಕಿಯ ಪಕ್ಕದ ಕುರ್ಚಿಯಿಂದ ಹೆಲ್ಮಿಯ ಬೂಟುಗಳನ್ನೇ ನೋಡುತ್ತಿದ್ದ.

ಇನ್ನೂರ ನಲವತ್ತೇಳನೇ ಡಬ್ಬಿ ಸೈಮಾ ಅಜ್ಜಿಯದು. ಎಂಬತ್ತನಾಲ್ಕು ವರ್ಷ, ಆ ಚಳಿಯಲ್ಲೂ ಕಂಬಳಿ ಹೊದ್ದು ಡಬ್ಬಿಯ ಹತ್ತಿರ ಕಾಯುತ್ತ ನಿಂತಿರುವ ಆಸಾಮಿ. ಕಾಗದ ಕೈಗೆ ತೆಗೆದುಕೊಂಡು ಮೂಗಿಗೆ ಹಿಡಿದಳು.

"ಏನೇ ಹೆಲ್ಮಿ, ಚುಟ್ಟಾ ಶುರು ಹಚ್ಕೊಂಡ್ಯಾ? ನಮ್ಮ ತಂಗಿ ಕಾಗದ ಹೊಗೆಮನೆ ಮೀನಿನ ಹಾಗೆ ನಾರ್ತಿದೆ!"

"ನಾನೆಲ್ಲಿ ಅಜ್ಜಿ, ಗ್ಯಾರೇಜಿನ ಗಿನೋದು," ಅಂದು ಹೆಲ್ಮಿ ಮುಂದೆ ಸರಿದಳು. ನೂರು ಗಜ ಹೋದವಳಿಗೆ ಏನೋ ಚುರ್ ಅಂದಿತು. ಬೆಳಗಿನಿಂದ ಇನ್ನೂರ ನಲವತ್ತಾರು ಮನೆಗೆ ಕೊಟ್ಟಿದ್ದಾಳೆ, ಕೈಗೆ ಯಾವ ವಾಸನೆಯೂ ಹತ್ತಿರಲಿಲ್ಲ. ಸೈಮಾ ಅಜ್ಜಿಯ ಕಾಗದ ಕಟ್ಟೆಯ ಹಿಂಬದಿಯ ತಟ್ಟೆಯದು, ಈಗಷ್ಟೇ ಶುರು ಮಾಡಿದ ತಟ್ಟೆ. ಆ ತಟ್ಟೆಯ ಇನ್ನೊಂದು ಕಾಗದ ಮೂಸಿದಳು. ಚುಟ್ಟಾ. ಮುಂಬದಿಯ ಖಾಲಿ ತಟ್ಟೆ ಮೂಸಿದಳು. ಏನಿಲ್ಲ.

ಅಂದರೆ ನಿನ್ನೆ ಗಿನೋ ಊದಿದ ಹೊಗೆ ಹೊರಬಂದದ್ದು ಆ ತಟ್ಟೆಯ ಕೆಳಗೆ. ಸ್ಮಶಾನದ ಗೇಟಿನ ಹತ್ತಿರ ಗಾಡಿ ನಿಲ್ಲಿಸಿದಳು, ಇಂಜಿನ್ ಆರಿಸಲಿಲ್ಲ. ತಟ್ಟೆಗಳನ್ನು ಎತ್ತಿ ಹಿಂದಿನ ಸೀಟಿಗಿಟ್ಟಳು. ಪ್ಲೈವುಡ್‌ಗೆ ನಾಲ್ಕು ಸ್ಕ್ರೂ. ಜೇಬಿನ ಒಂದು ಕಾಸಿನಿಂದ ತಿರುಗಿಸಿ ತಿರುಗಿಸಿ ಬಿಚ್ಚಿದಳು. ಹಲಗೆ ಎತ್ತಿದಳು.

ಕೆಳಗೆ ಒಂದು ಕೆಂಪು ಕಾಫಿಡಬ್ಬಿ ಕೂತಿತ್ತು.

ಟೈರಿನ ಟ್ಯೂಬಿನ ರಬ್ಬರು ಸುತ್ತಿ ಅಲುಗದ ಹಾಗೆ ಕಟ್ಟಿದ್ದರು. ಬಾಯಿಗೆ ತಗಡು ಬೆಸುಗೆ ಹಾಕಿ, ಡ್ಯಾಶ್‌ಬೋರ್ಡ್ ಕಡೆಯಿಂದ ಬಂದ ಒಂದು ಕರಿ ಟ್ಯೂಬನ್ನು ಅದರೊಳಕ್ಕೆ ಸೇರಿಸಿದ್ದರು. ಡಬ್ಬಿಯ ಮೇಲೆ ಹಳದಿಗೆ ತಿರುಗಿದ ಬಿಳಿ ಟೇಪು. ಟೇಪಿನ ಮೇಲೆ ತೌನೋನ ಪೆನ್ಸಿಲ್ಲು: ‘ಹೆಲ್ಮಿ ಕಾಲು. ಅಕ್ಟೋಬರ್ 95’.

ಆ ವರ್ಷ ನೆನಪಾಯಿತು ಅವಳಿಗೆ. ಹಿಮದ ರಾಶಿಗೆ ಬಡಿದು ಬಡಿದು ಬಂಪರ್ ಹಿಂದೆ ಏನೋ ಒಡೆದು ಹೀಟರ್ ಕೆಟ್ಟಿತ್ತು. ಅವಳು ಗೊಣಗಿದ್ದಳು. ಒಂದು ಭಾನುವಾರ ಕಳೆದ ಮೇಲೆ ಸರಿಹೋಗಿತ್ತು. ಏನು ಮಾಡಿದೆ ಅಂತ ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಇನ್ನೆಂದೂ ಹಿಮಕ್ಕೆ ಬಡಿಯದ ಜಾಗ ಹುಡುಕಿ ಅವಳ ಮೊಣಕೈ ಕೆಳಗೇ ಇಟ್ಟಿದ್ದ. ಎಂಟು ಚಳಿಗಾಲ ತಟ್ಟೆಗಳಿಂದ ಕರಗಿದ ಹಿಮದ ನೀರು ತೊಟ್ಟಿಕ್ಕಿ ತೊಟ್ಟಿಕ್ಕಿ ಡಬ್ಬಿಯ ಒಂದು ಪಕ್ಕ ತುಕ್ಕು ತಿಂದು ತೂತಾಗಿತ್ತು. ತೂತು ಸಣ್ಣಗೆ ಸೊರ್ ಅನ್ನುತ್ತಿತ್ತು. ಒಳಗೆ ಏನೋ ಬೆಳ್ಳಗೆ ಕಂಡಿತು. ಬಗ್ಗಿ ನೋಡಿದಳು. ಬರ್ಚ್ ಮರದ ಒಂದು ಗೂಟ, ಹೀರುವ ರಭಸಕ್ಕೆ ಡಬ್ಬಿ ಕುಗ್ಗದಿರಲಿ ಅಂತ ಒಳಗೆ ಕೊಟ್ಟ ಆಸರೆ.

ಡಬ್ಬಿಯೊಳಗೆ ಮರದ ಸೌಟು. ಸೊರ್ ಅಂತ ಹೀರುವುದು. ಮೊಣಕಾಲು ಬಡಿಯುವುದು.

ಹೆಲ್ಮಿ ಕೈಗವಸು ಹಲ್ಲಿನಿಂದ ಕಿತ್ತು ತೂತಿನ ಮೇಲೆ ಹೆಬ್ಬೆರಳು ಒತ್ತಿದಳು. ಬೆರಳನ್ನು ಒಳಕ್ಕೆ ಎಳೆಯಿತು. ಡ್ಯಾಶ್‌ಬೋರ್ಡಿನ ಹಿಂದೆ ಎಲ್ಲೋ ಟಕ್ ಅಂತ ಒಂದು ಬಾಗಿಲು ತೆರೆದುಕೊಂಡಿತು. ಬೂಟಿನ ಮೇಲೆ ಬಿಸಿಗಾಳಿ ಬಂತು.

ಹಾಗೇ ಕೂತಳು, ಬೆರಳು ತೆಗೆಯದೆ. ಕಾಲ್ಬೆರಳುಗಳಿಗೆ ಜೀವ ಬರುವಾಗ ಚುಚ್ಚಿದ ಹಾಗೆ ನೋಯಿತು. ಅವಳು ಅತ್ತಳು, ಆದರೆ ಬರೀ ಪ್ರೀತಿಯಿಂದ ಅತ್ತಳು ಅಂತ ನಾನು ಹೇಳುವುದಿಲ್ಲ. ಸಿಟ್ಟೂ ಬಂದಿತ್ತು ಅವಳಿಗೆ. ಅವನು ಒಳಗೆ ಇದ್ದಾನೆ. ಮೂರು ವಾರದಿಂದ ಪೂರ್ತಿ ಇದ್ದಾನೆ. ಇನ್ನು ಸಹಿ ಹಾಕುವಂತಿಲ್ಲ. ಆ ನಿದ್ದೆ, ಆ ಸೊಂಟದ ವಿಶ್ರಾಂತಿ, ಆ ಒಂದು ಲೋಟ ಕಾಫಿ ಎಲ್ಲ ಕೈಜಾರಿತು. "ಅಯ್ಯೋ ದೇವರೇ, ಇವನು ಇದ್ದಾನಲ್ಲಪ್ಪಾ," ಅಂತ ಸ್ಮಶಾನದ ಮುಂದೆ ಗಟ್ಟಿಯಾಗಿ ಹೇಳಿಕೊಂಡಳು. ಆಮೇಲೆ ಪಾರ್ಸೆಲ್ ಟೇಪು ತೆಗೆದು ತೂತಿಗೆ ನಾಲ್ಕು ಸುತ್ತು ಬಿಗಿದು, ಉಳಿದ ಅರವತ್ತೊಂದು ಡಬ್ಬಿ ಮುಗಿಸಿದಳು. ಟಪಾಲು ಟಪಾಲೇ.

ಮನೆ ಮುಟ್ಟಿದಾಗ ನಾಲ್ಕೂ ಇಪ್ಪತ್ತು. ಡಬ್ಬಿ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಬಂದಳು. ಐಲಿ ಮೇಜಿನ ಹತ್ತಿರ ಕೂತಿದ್ದಳು. "ಬಂದ್ಯಾ? ಐದಕ್ಕೆ ಮುಂಚೆ ಫೋನ್ ಮಾಡ್ಬೇಕಂತೆ. ನರ್ಸಮ್ಮ ಎರಡು ಸಲ ಮಾಡಿದ್ಳು."

ಹೆಲ್ಮಿ ಬೂಟಿನಲ್ಲೇ ನಡೆದುಹೋಗಿ ತುಕ್ಕು ಹಿಡಿದ ಡಬ್ಬಿಯನ್ನು ತೌನೋನ ತೊಡೆಯ ಮೇಲೆ ಇಟ್ಟಳು.

ಅವನು ನೋಡಿದ. ಎಡಗೈಯ ಬೆರಳಿಂದ ಟೇಪಿನ ಅಕ್ಷರ ಸವರಿದ. ಪಾರ್ಸೆಲ್ ಟೇಪಿನ ಅಂಚು ಕೆರೆದು ಎಬ್ಬಿಸಿ ತೂತು ಹುಡುಕಿದ, ಬೆರಳು ಇಟ್ಟು ತೋರಿಸಿದ. "ಹೂಂ," ಅಂದ. ಈ ಸಲ ಕೂಗಲಿಲ್ಲ. ಕೆಲಸ ಮುಗಿಸಿ ಸಾಮಾನು ಕೆಳಗಿಡುವಾಗ ಅನ್ನುವ ಹಾಗೆ, ಮೆತ್ತಗೆ.

"ಮೂರು ವಾರದಿಂದ ಹೇಳ್ತಿದ್ಯಲ್ಲೋ," ಅಂದಳು ಹೆಲ್ಮಿ. "ನಾನು ಬೈದೆ. ಇವತ್ತು ಸಹಿ ಹಾಕೋಳಿದ್ದೆ ಕಣೋ ನಾನು. ನಿನ್ನ ಕಳಿಸಿಬಿಡೋಳಿದ್ದೆ."

ತೌನೋ ಮೇಜಿನ ಮೇಲಿದ್ದ ಕಾಗದದ ಕಡೆ ಒಮ್ಮೆ ನೋಡಿದ, ಮತ್ತೆ ಅವಳ ಕಡೆ. ಅವನಿಗೆ ಗೊತ್ತಿತ್ತು. ನರ್ಸಮ್ಮ ಬರೆದುಕೊಂಡ ಒಂದೊಂದು ಮಾತೂ ಅವನು ಕೇಳಿದ್ದ. ಅದೆಲ್ಲ ಗೊತ್ತಿದ್ದೂ ದಿನಾ ಅವಳ ಬೂಟನ್ನೇ ನೋಡುತ್ತಿದ್ದ. ಕೈ ಚಾಚಿ ಅವಳ ಮೊಣಕಾಲು ತಟ್ಟಿದ.

"ಬಂತು. ಬಿಸಿ ಬಂತು," ಅಂದಳು ಹೆಲ್ಮಿ. ಬೂಟು, ಪ್ಲಾಸ್ಟಿಕ್ ಚೀಲ, ಪೇಪರು, ಎರಡು ಜೊತೆ ಕಾಲುಚೀಲ ಎಲ್ಲ ಕಳಚಿ ಪಾದ ಅವನ ಕೈಗಿಟ್ಟಳು. "ಮುಟ್ಟಿ ನೋಡು."

ಅವನು ಬೆರಳು ಒಂದೊಂದನ್ನೇ ಹಿಡಿದು ನೋಡಿದ, ಐದನ್ನೂ.

ಐಲಿ ಅಡುಗೆ ಬಟ್ಟೆಯಲ್ಲೇ ಮುಖ ಮುಚ್ಚಿಕೊಂಡಿದ್ದಳು. "ನಾನು ಸೌಟು ಕಿತ್ಕೊಂಡ್ನಲ್ಲೇ," ಅನ್ನುತ್ತಿದ್ದಳು, "ಎಳೇ ಮಗುಗೆ ಗದರಿಸಿದ ಹಾಗೆ ಗದರಿಸಿದ್ನಲ್ಲೇ."

ಹೆಲ್ಮಿ ಮೇಲಿನ ಕಪಾಟಿನಿಂದ ಕಾಫಿಯ ಡಬ್ಬಿ ತೆಗೆದು ಅವನ ಮುಂದೆ ಇಟ್ಟಳು. ತೌನೋ ಎಡಗೈಲಿ ಅದನ್ನು ಹಿಡಿದು ಬಗ್ಗಿಸಿದ. ಅವಳು ಕೆಳಗೆ ಪಾತ್ರೆ ಹಿಡಿದಳು. ಪುಡಿಯೆಲ್ಲ ಪಾತ್ರೆಗೆ ಬಿತ್ತು, ಒಂದು ಕಾಳೂ ನೆಲಕ್ಕೆ ಹೋಗಲಿಲ್ಲ.

ಫೋನು ಹೊಡೆದುಕೊಂಡಿತು. ಐದಕ್ಕೆ ಹತ್ತು ನಿಮಿಷ. ಹೆಲ್ಮಿ ಬರಿಗಾಲಲ್ಲಿ ಹೋಗಿ ಎತ್ತಿದಳು. ಸೊಂಟ ಹಿಡಿದೇ ಇತ್ತು, ನಾಳೆ ನಾಲ್ಕೂವರೆಗೆ ಮತ್ತೆ ಏಳಬೇಕು, ಅದರಲ್ಲಿ ಯಾವುದೂ ಬದಲಾಗಿರಲಿಲ್ಲ.

"ಏನು ತೀರ್ಮಾನ ಮಾಡಿದ್ರಿ?" ನರ್ಸಮ್ಮ ಕೇಳಿದಳು. "ಹಾಸಿಗೆ ಹಿಡಿದಿಡಲೋ, ಬೇರೆಯವರಿಗೆ ಕೊಡಲೋ?"

ಹೆಲ್ಮಿ ತಿರುಗಿ ನೋಡಿದಳು. ತೌನೋ ಹಳೇ ಡಬ್ಬಿಯ ಪಕ್ಕ ಹೊಸ ಡಬ್ಬಿ ಇಟ್ಟು ಎತ್ತರ ಅಳೆಯುತ್ತಿದ್ದ, ಐಲಿ ಅವನಿಗೆ ಸೌಟು ಹಿಡಿದುಕೊಂಡು ನಿಂತಿದ್ದಳು.

"ಬೇರೆಯವರಿಗೆ ಕೊಟ್ಬಿಡಿ," ಅಂದಳು. "ಇವನಿಗೆ ಬರೋಕಾಗಲ್ಲ. ಮನೇಲಿ ಕೆಲಸ ಇದೆ."